ಸಾಲಿಗೆ ಕೂಡದ ಹೆಂಚು

ಖಾನಾಪುರದ ಹೆಂಚಿನ ಭಟ್ಟಿಯಲ್ಲಿ ನಾನು ದುಡಿದದ್ದು ಎಂಬತ್ತನೇ ಇಸವಿಯ ಆಸುಪಾಸು. ಸುಟ್ಟ ಹೆಂಚನ್ನು ಅಂಗಳಕ್ಕೆ ತಂದು ಸಾಲು ಹಚ್ಚುವುದು ನನ್ನ ಕೆಲಸ. ಎಣಿಕೆ ಬರುತ್ತಿತ್ತು, ಓದು ಅಷ್ಟಕ್ಕಷ್ಟೆ. ಅಲ್ಲಿ ಒಂದು ರೂಢಿ: ಎಷ್ಟೇ ಹೆಂಚು ಇರಲಿ, ಎಲ್ಲ ಸಾಲೂ ಸಮ ಇರಬೇಕು. ಇಪ್ಪತ್ತರ ಸಾಲು ಕೂಡದಿದ್ದರೆ ಹದಿನೆಂಟು, ಅದೂ ಆಗದಿದ್ದರೆ ಹದಿನಾಲ್ಕು. ಎಲ್ಲೋ ಒಂದು ಕಡೆ ಕೂಡುತ್ತಿತ್ತು. ಕೊನೆಯ ಸಾಲು ಅರ್ಧಕ್ಕೆ ನಿಂತರೆ, ನಾವು ಹೆಂಗಸರು ಹೆಂಚು ಒಡೆದು ಮುಚ್ಚಿಟ್ಟಿದ್ದೇವೆ ಎಂದೇ ಆಳುಗಳ ಮೇಲ್ವಿಚಾರಕ ಮುಕಾದಮ ತಿಳಿಯುತ್ತಿದ್ದ.

ಒಮ್ಮೆ ಬೆಳಗಾವಿ ಕ್ಯಾಂಪಿನ ಹಳೇ ಬಂಗಲೆಗೆ ಹೋಗುವ ಹೆಂಚು ಇಳಿಸಿದೆ. ಸಾವಿರಕ್ಕೆ ಮೂರು ಕಡಿಮೆ. ಯಾವ ಸಾಲೂ ಕೂಡಲಿಲ್ಲ.

“ಒಡದದ್ದು ಎಲ್ಲಿಟ್ಟೀ?” ಅಂದ ಮುಕಾದಮ.

“ಒಡದಿದ್ರ ಹೇಳತಿದ್ದೆ. ನಿಮಗ್ಯಾಕ ಅಂಜಲಿ?”

“ನಾಳೆ ಲಾರಿ ಬರೂದ್ರಾಗ ಸಾಲ ಕೂಡಬೇಕ. ಇಲ್ಲಾಂದ್ರ ನಾಡದ್ದರಿಂದ ಬರಬ್ಯಾಡ.”

“ಒಂದರ ಹಿಂದ ಒಂದ ಹಚ್ಚಲೇನ್ರಿ? ಲೋಂಡಾ ಊರ ಮುಟ್ಟತೈತಿ ಸಾಲ.”

ಅವನು ಬೆನ್ನು ತಿರುಗಿಸಿ ನಡೆದ.

ಸಂಜೆ ಮನೆಯಲ್ಲಿ ಅಷ್ಟೇ ಹುಣಸೆ ಬೀಜ ಎಣಿಸಿ ನೆಲದ ಮೇಲೆ ಹಚ್ಚತೊಡಗಿದೆ. ಅತ್ತೆ ನೋಡಿ, “ರೊಟ್ಟಿ ಬಡಿಯೂದ ಬಿಟ್ಟ ಬೀಜ ಆಡಾಕತ್ತಾಳ, ಸಣ್ಣ ಹುಡುಗಿ” ಅಂದಳು.

ಎರಡರ ಸಾಲು ಕೂಡದಿದ್ದರೆ ನಾಲ್ಕು, ಆರು ನೋಡುವುದೇ ಬೇಡ ಎಂಬುದು ಬೇಗ ಹೊಳೆಯಿತು. ಏಳರದಕ್ಕೆ ಮೂರು ಉಳಿದವು, ಹನ್ನೊಂದರದಕ್ಕೆ ಏಳು. ಮೂವತ್ತೊಂದರ ಸಾಲು ಹಚ್ಚಿದಾಗ ಮೂವತ್ತೆರಡು ಸಾಲಾಗಿ ಐದು ಉಳಿದವು. ಅಲ್ಲಿಗೆ ನಿಲ್ಲಿಸಿದೆ. ಮುಂದೆ ಸಾಲು ಉದ್ದವಾದಷ್ಟೂ ಸಾಲುಗಳ ಸಂಖ್ಯೆ ಇಳಿಯುತ್ತದೆ, ಮೂವತ್ತೊಂದನ್ನು ದಾಟುವುದಿಲ್ಲ. ಮಗ್ಗುಲಿಗೆ ಬಂದು ನೋಡಿದರೆ ಅವು ಅಷ್ಟರದೇ ಗಿಡ್ಡ ಸಾಲುಗಳು, ಆಗಲೇ ನೋಡಿದ್ದೇ ಮತ್ತೆ. ಅಂದರೆ ಈ ಎಣಿಕೆ ಯಾರು ಹಚ್ಚಿದರೂ ಕೂಡದು. ಕೆಲಸ ಹೋಗುವ ಚಿಂತೆಯಲ್ಲೂ ಅದು ನನಗೆ ಸೋಜಿಗವಾಗಿತ್ತು.

ಬೆಳಿಗ್ಗೆ ಬೀಜದ ಚೀಲವನ್ನು ಮುಕಾದಮನ ಮುಂದೆ ಸುರುವಿದೆ.

“ನೀವ ಕೂಡಸ್ರಿ. ಕೂಡಿದ್ರ ನಾನ ಹೊಂಟೆ.”

ಅವನು ಕುಂತ. ಹದಿಮೂರು ಹಚ್ಚಿದ, ಹದಿನೇಳು ಹಚ್ಚಿದ. ಬೆವರು ಒರೆಸಿಕೊಂಡ. ಅಷ್ಟರಲ್ಲಿ ಲಾರಿ ಬಂತು. ಎದ್ದು ಒಂದು ಹೆಂಚು ಎತ್ತಿ ಕಲ್ಲಿಗೆ ಬಡಿದ.

“ಈಗ ಹನ್ನೆರಡರ ಸಾಲ ಹಚ್ಚ” ಅಂದ.

ಕೂಡಿತು. ನನ್ನ ಮೇಲೆ ಒಡೆದ ಆರೋಪ ಹೊರಿಸಿದವನು ತಾನೇ ಚಲೋ ಹೆಂಚು ಒಡೆದ. ನನ್ನನ್ನು ಕೆಲಸದಿಂದ ಬಿಡಿಸುವ ಮಾತು ಮತ್ತೆ ಎತ್ತಲಿಲ್ಲ.

ಕೆಲ ತಿಂಗಳ ಮೇಲೆ ಸಾವಿರದ ಒಂದು ಹೆಂಚು ಇಳಿದವು. ಇಪ್ಪತ್ತು, ಹದಿನೆಂಟು, ಹದಿನಾರು, ಯಾವುದೂ ಕೂಡಲಿಲ್ಲ. ಮುಕಾದಮ ಒಡೆಯಲು ಒಂದು ಹೆಂಚು ಎತ್ತಿದ.

“ಕೆಳಗಿಡ್ರಿ” ಅಂದೆ. “ಎಲ್ಲಾ ಎಣಿಕಿ ಆ ಜಾತೀವಲ್ಲ. ಹದಿಮೂರ ನೋಡ್ರಿ.”

ಎಪ್ಪತ್ತೇಳು ಸಾಲಾದವು, ಒಂದೂ ಉಳಿಯಲಿಲ್ಲ. ಅಂದಿನಿಂದ ಸಾಲು ಎಷ್ಟರದು ಅಂತ ಅವನೇ ನನ್ನ ಕೇಳುತ್ತಿದ್ದ.