ಅಕ್ಕ ಕಳಿಸಿದ ಹಿಡಿ ಮರಳು

ಸತ್ತವರು ಯಾರನ್ನೂ ಏನೂ ಕೇಳುವುದಿಲ್ಲ ಎಂದೇ ನಾನು ತಿಳಿದಿದ್ದೆ. ದಿನಾ ಮಣಿಕರ್ಣಿಕೆಯ ಚಿತೆಗಳ ಹೊಗೆ ನೋಡಿಕೊಂಡು ಬದುಕುವವನಿಗೆ ಅಂಥ ಭಯ ಉಳಿಯುವುದಿಲ್ಲ. ನಾಲ್ಕನೆಯ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕದಲ್ಲಿ ನಾನು ಕಾಶಿಯ ಒಂದು ಕನ್ನಡ ಮಠದಲ್ಲಿ ಅಡುಗೆ ಮಾಡಿಕೊಂಡಿದ್ದೆ. ನಮ್ಮೂರು ತಲಕಾಡು. ತಾಯಿ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ವೈದ್ಯೇಶ್ವರನ ಗುಡಿಯ ಮುಂದೆ ಬಿಲ್ವಪತ್ರೆ ಮಾರುತ್ತ, ಬಂದವರಿಗೆ ಊರಿನ ಕಥೆ ಹೇಳುತ್ತಿದ್ದಳು. ಗಂಗರು ಇಲ್ಲಿ ರಾಜಧಾನಿ ಮಾಡಿದರು, ಚೋಳರು ಕಿತ್ತುಕೊಂಡರು, ಹೊಯ್ಸಳರು ಗೆದ್ದು ಕೀರ್ತಿನಾರಾಯಣನ ಗುಡಿ ಕಟ್ಟಿದರು. ಕೊನೆಗೆ ಒಬ್ಬ ರಾಣಿ ಕಾವೇರಿಗೆ ಹಾರುವಾಗ ಶಾಪ ಹಾಕಿದಳಂತೆ, ಎಷ್ಟೋ ಗುಡಿಗಳು ಮರಳಿನಡಿ ಹೋದವು. ಪಂಚಲಿಂಗ ದರ್ಶನದ ವರ್ಷ ಬಂದರೆ ಮರಳು ತೋಡಿ ದೇವರನ್ನು ಕಾಣಿಸುತ್ತಾರೆ.

ಅಕ್ಕನ ಒಂದೇ ಹೆಣ್ಣುಮಗು ಹನ್ನೊಂದು ತಿಂಗಳಿಗೆ ತೀರಿಕೊಂಡಿತು. ಎಳೆಯ ಮಕ್ಕಳನ್ನು ಸುಡುವುದಿಲ್ಲವಲ್ಲ, ಮರಳುಗುಡ್ಡದ ಮಗ್ಗುಲಲ್ಲಿ ಹೂತರು. ಒಂದೆರಡು ವರ್ಷದಲ್ಲಿ ಮರಳು ಸರಿದು ಗುರುತೇ ಅಳಿಸಿಹೋಯಿತು. ಅಕ್ಕ ವರ್ಷಗಟ್ಟಲೆ ಹುಡುಕಿದಳು. ಕೊನೆಗೆ ಇದೇ ಜಾಗ ಎಂದು ಮನಸ್ಸಿಗೆ ಗಟ್ಟಿಯಾದ ಕಡೆಯಿಂದ ಒಂದು ಹಿಡಿ ಮರಳು ತೆಗೆದು, ಮಗುವಿನ ಕುಲಾವಿಯಲ್ಲಿ ಕಟ್ಟಿ, ಯಾತ್ರೆಗೆ ಬಂದವರ ಕೈಲಿ ನನಗೆ ಕಳಿಸಿದಳು. ಅದನ್ನು ಗಂಗೆಗೆ ಬಿಟ್ಟರೆ ತಾನು ಹುಡುಕುವುದನ್ನು ನಿಲ್ಲಿಸುತ್ತೇನೆ ಎಂದು ಹೇಳಿಕಳಿಸಿದ್ದಳು.

ಗಂಗೆ ಮಠದಿಂದ ಹತ್ತು ನಿಮಿಷದ ದಾರಿ. ನಾಳೆ ಹೋದರಾಯಿತು ಎಂದು ಗೂಡಿನಲ್ಲಿಟ್ಟೆ. ತಿಂಗಳು ಕಳೆಯಿತು. ಶಿವರಾತ್ರಿಯ ಜನಸಂದಣಿಯಲ್ಲಿ ಸಾರಿನ ಹಂಡೆ ತಳ ಹಿಡಿಯಿತು. ಪಾತ್ರೆ ಉಜ್ಜುವ ಹೆಂಗಸು, "ಮಹಾರಾಜ್, ಬಾಲೂ ಖತಮ್" ಎಂದು ಕೈ ಕೊಡವಿ ಕೂತಳು. ಉಜ್ಜಲು ಮರಳಿಲ್ಲ. ನಾನೇ ಕುಲಾವಿ ಬಿಚ್ಚಿ ಹಂಡೆಗೆ ಸುರಿದೆ. ನಮ್ಮೂರಲ್ಲಿ ಮರಳಿಗೇನು ಬರ, ಮತ್ತೆ ತರಿಸಿದರಾಯಿತು ಎಂದುಕೊಂಡೆ. ಆಮೇಲೆ ಕೇಳಲು ಮುಖವಿರಲಿಲ್ಲ. ದಶಾಶ್ವಮೇಧ ಘಾಟಿನಲ್ಲಿ ಬಿಟ್ಟೆ ಎಂದು ಅಕ್ಕನಿಗೆ ಕಾರ್ಡು ಬರೆದೆ.

ಆ ವರ್ಷದ ಚಳಿಗಾಲ, ಒಂದು ಮಧ್ಯಾಹ್ನ. ಮೈಸೂರು ಕಡೆಯ ಯಾತ್ರಿಕರು ಇಪ್ಪತ್ತು ಮಂದಿ ಊಟಕ್ಕೆ ಕೂತಿದ್ದರು. ಮೊದಲ ತುತ್ತಿಗೇ ಎಲ್ಲರ ಬಾಯಲ್ಲೂ ಮರಳು ಕರಕರ ಎಂದಿತು.

"ಏನಯ್ಯಾ, ಕಾಶಿಗೆ ಬಂದು ಮಣ್ಣು ತಿನ್ನಬೇಕಾ ನಾವು?" ಎಂದ ಒಬ್ಬ.

ಬೇರೆ ಅಕ್ಕಿ ಆರಿಸಿ, ನಾಲ್ಕು ನೀರು ತೊಳೆದು, ಬೇರೆ ಪಾತ್ರೆಯಲ್ಲಿ ಅನ್ನ ಮಾಡಿದೆ. ಮತ್ತೆ ಮರಳು. ನಾನೂ ಬಾಯಿಗೆ ಹಾಕಿ ನೋಡಿದೆ. ಕಾಶಿಯ ಮರಳು ಬೂದಿಯ ಹಾಗೆ ನುಣುಪು. ಇದು ದಪ್ಪ ಕಣ, ಚಿಕ್ಕಂದಿನಲ್ಲಿ ಗಾಳಿ ಬೀಸಿದಾಗಲೆಲ್ಲ ನನ್ನ ಹಲ್ಲಿಗೆ ಸಿಕ್ಕುತ್ತಿದ್ದದ್ದು.

ಪಂಕ್ತಿಯ ಕೊನೆಯಲ್ಲಿದ್ದ ಒಬ್ಬ ಮುದುಕಿ ಮಾತ್ರ ಸುಮ್ಮನೆ ಉಣ್ಣುತ್ತಿದ್ದಳು. "ಬುಡಿ, ಅವನ್ನ ಯಾಕ್ ಬಯ್ತೀರಿ? ತಲಕಾಡ್ನೋರ್ಗೆ ಮರಳೇನು ಹೊಸದಾ?" ಎಂದಳು. ಅವಳು ಅಕ್ಕನ ನೆರೆಮನೆಯವಳು, ನನ್ನನ್ನು ಹುಡುಕಿಕೊಂಡೇ ಬಂದಿದ್ದಳು. ಕೈ ತೊಳೆದ ಮೇಲೆ ನನ್ನ ಪಕ್ಕ ಕೂತು, ಕಾರ್ತಿಕದಲ್ಲಿ ಅಕ್ಕ ತೀರಿಕೊಂಡಳೆಂದು ತಿಳಿಸಿದಳು. ನನ್ನ ಕಾರ್ಡನ್ನು ಕಂಡಕಂಡವರ ಹತ್ತಿರ ಓದಿಸುತ್ತಿದ್ದಳಂತೆ.

"ನೆಮ್ಮದಿಯಾಗಿ ಹೋದ್ಲು ಕನಪ್ಪ. 'ನನ್ ತಮ್ಮ ಮಗೀನ ಗಂಗವ್ವನ ಮಡ್ಲಿಗೆ ಹಾಕವ್ನೆ, ಇನ್ನೇನು' ಅಂತಿದ್ಲು."



ಎಲ್ಲರೂ ಬಿಟ್ಟ ಅನ್ನವನ್ನು ಬಳಿದುಕೊಂಡು ದಶಾಶ್ವಮೇಧಕ್ಕೆ ಓಡಿದೆ. ಆ ಮರಳನ್ನಾದರೂ ಬೇರೆ ಮಾಡಿ ಗಂಗೆಗೆ ಬಿಡೋಣ ಎಂದು, ಪಂಚೆಯ ಸೆರಗಿನಲ್ಲಿ ಹಿಡಿಹಿಡಿಯಾಗಿ ಅನ್ನ ತೊಳೆದೆ. ಅಗುಳೆಲ್ಲ ಮೀನಿನ ಪಾಲಾಯಿತು. ಬಟ್ಟೆಯ ಮೇಲೆ ಒಂದು ಕಣವೂ ನಿಲ್ಲಲಿಲ್ಲ. ಮಠಕ್ಕೆ ಬಂದು ಅಕ್ಕಿ ಮೂಟೆ ಜಾಲಾಡಿದೆ, ಅಲ್ಲೂ ಮರಳಿರಲಿಲ್ಲ.

ನನ್ನ ಪಾಪ ನನ್ನ ಬಾಯಲ್ಲಿ ಕರಕರ ಎಂದಿತು ಅನ್ನೋಣ. ಏನೂ ಅರಿಯದ ಇಪ್ಪತ್ತು ಜನರ ಬಾಯಲ್ಲಿ ಯಾಕೆ? ಇವತ್ತಿಗೂ ನನಗೆ ತಿಳಿದಿಲ್ಲ. ಊರಿಗೆ ಹೋಗಿ ಇನ್ನೊಂದು ಹಿಡಿ ತರಬೇಕೆಂದು ಒಮ್ಮೆ ಹೊರಟೂ ಇದ್ದೆ. ಆದರೆ ಎಲ್ಲಿಂದ ತೆಗೆಯಬೇಕೆಂದು ಗೊತ್ತಿದ್ದವಳು ಅಕ್ಕ ಒಬ್ಬಳೇ.