ಹಾಲಿನಲ್ಲಿ ನುಂಗಿದ ಗುಳಿಗೆಗಳು

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಹೇಳಿದವಳು ನನ್ನ ಅತ್ತೆ, ಅಪ್ಪನ ಅಕ್ಕ. ಹುಕ್ಕೇರಿ ತಾಲ್ಲೂಕಿನ ದಡ್ಡಿ ಎಂಬ ಊರಿಗೆ ಕೊಟ್ಟ ಹೆಣ್ಣುಮಗಳು. ನಮ್ಮ ಮನೆತನದ ಮದುವೆಗಳೆಲ್ಲ ಆಕೆಯ ಬಾಯಿಂದಲೇ ಆಗುತ್ತಿದ್ದವು. ನಾನು ಪಿಯುಸಿ ಪಾಸಾದ ಸುದ್ದಿ ಕೇಳಿ ಬಂದವಳು ಪಡಸಾಲೆಯಲ್ಲಿ ಕೂತು, ನನ್ನನ್ನು ಎದುರಿಗೆ ನಿಲ್ಲಿಸಿಕೊಂಡೇ ಅಪ್ಪನಿಗೆ ಹೇಳಿದಳು:

"ನಿನಗೇನ ಹುಚ್ಚ ಹಿಡದೈತೇನೋ ತಮ್ಮಾ? ಈಕಿ ಡಿಗ್ರಿ ಮುಗಸೂದು ಈ ಜನ್ಮದಾಗ ಆಗಂಗಿಲ್ಲ. ಮೊದಲ ಈಕಿ ಮಾರಿ ನೋಡು. ಅದನ್ನ ರಿಪೇರಿ ಮಾಡ್ಸು. ಮಾರಿ ಚಲೋ ಆತಂದ್ರ ನಾ ವರಾ ತರ್ತೇನಿ. ವರಾ ಬಂದ ಮ್ಯಾಲೆ ಎಲ್ಲಿ ಡಿಗ್ರಿ!"

ಅಪ್ಪ ತಲೆ ತುರಿಸಿಕೊಂಡ. ಅಕ್ಕನಿಗೆ ಎದುರಾಡುವ ಮನುಷ್ಯ ಅವನಲ್ಲ.

"ಮಾರಿ ನೆಟ್ಟಗ ಆಗೂತನಕರೆ ಕಲೀಲಿ ಬಿಡಕ್ಕಾ," ಎಂದ.

ಹೀಗೆ ನನ್ನ ಮುಖಕ್ಕೂ ನನ್ನ ಓದಿಗೂ ಗಂಟು ಬಿತ್ತು. ಮುಖ ಕೆಟ್ಟಿರುವಷ್ಟು ದಿನ ಗೋಕಾಕದ ಕಾಲೇಜು. ಮುಖ ನೆಟ್ಟಗಾದ ದಿನ ಮದುವೆ. ನಮ್ಮದು ಮೂಡಲಗಿ ಬಾಜೂದ ಹಳ್ಳಿ. ಅಜ್ಜನ ಕಾಲಕ್ಕೆ ಕುರಿ ಕಡಿಮೆ ಮಾಡಿ ಹೊಲಕ್ಕೆ ಬಿದ್ದ ಮನೆತನ. ನನಗಿಂತ ಮೊದಲು ನಮ್ಮಲ್ಲಿ ಯಾರೂ ಏಳನೆಯ ಇಯತ್ತೆ ದಾಟಿದವರಿಲ್ಲ, ಗಂಡಸರೂ ಇಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಎದೆ ಎತ್ತಿ ಹೇಳುತ್ತೇನೆ. ಆದರೆ ಆ ಮೂರು ವರ್ಷ ಎದೆ ಎತ್ತಿ ನಡೆದವಳಲ್ಲ ನಾನು. ತಲೆ ಎತ್ತಿಯೂ ನಡೆದವಳಲ್ಲ.

ಅದು ಹರೆಯದಲ್ಲಿ ಎಲ್ಲರಿಗೂ ಆಗುವ ನಾಲ್ಕು ಮೊಡವೆಯಾಗಿರಲಿಲ್ಲ. ಎರಡೂ ಗಲ್ಲದ ತುಂಬ, ದವಡೆಯ ಕೆಳಗೆ, ಕುತ್ತಿಗೆಯವರೆಗೆ ಹುಣಸೆಬೀಜದಂಥ ಗಂಟುಗಳು. ಒಳಗೆ ಕೀವು ಕಟ್ಟಿ ಎಳೆಯುತ್ತಿದ್ದವು. ಯಾವ ಮಗ್ಗುಲಿಗೆ ಮಲಗಿದರೂ ಮುಂಜಾನೆ ದಿಂಬಿಗೆ ರಕ್ತ ಹತ್ತಿರುತ್ತಿತ್ತು. ಅರಿಷಿಣ ಹಚ್ಚಿ ಆಯಿತು, ಬೇವು ಅರೆದು ಹಚ್ಚಿ ಆಯಿತು. ಖಾರ ಬಿಡು ಅಂದರು, ಬಿಟ್ಟೆ. ಶೇಂಗಾ ಬಿಡು ಅಂದರು, ಅದನ್ನೂ ಬಿಟ್ಟೆ. ಓಣಿಯ ಹೆಂಗಸರ ಮಾತು ಮಾತ್ರ ಒಂದೇ: "ಲಗ್ನಾ ಮಾಡ್ರಿ, ತಾವ ಹೋಗತಾವು." ಈ ಮುಖಕ್ಕೆ ಯಾರೂ ಲಗ್ನವಾಗುವುದಿಲ್ಲ ಎನ್ನುವವರೂ ಅವರೇ.

ಗೋಕಾಕದ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರು ನಾನು ಹತ್ತಿದ ಕೂಡಲೇ ಶುರು ಮಾಡುತ್ತಿದ್ದರು.

"ಸರೀರಲೇ, ಗೋವಿನಜೋಳದ ತೆನಿ ಬಂತು!"

"ಸುಟ್ಟದ್ದೋ, ಹಸೀದೋ?"

ಬಸ್ಸೆಲ್ಲ ನಗುತ್ತಿತ್ತು. ಕಂಡಕ್ಟರ್ ಕೂಡ ಚಿಲ್ಲರೆ ಕೊಡುತ್ತ ನಗುತ್ತಿದ್ದ. ನಾನು ವೇಲಿನಿಂದ ಬಾಯಿ, ಗಲ್ಲ ಸುತ್ತಿಕೊಂಡು ಕಿಟಕಿಯ ಕಡೆ ಮುಖ ಮಾಡುತ್ತಿದ್ದೆ. ಕಿಟಕಿಯ ಗಾಜಿನಲ್ಲೂ ಅದೇ ಮುಖ.

ಎರಡನೆಯ ವರ್ಷ ಶುರುವಾದಾಗ ಅಪ್ಪ ಗೋಕಾಕದ ಒಬ್ಬ ಚರ್ಮದ ಡಾಕ್ಟರರ ಕಡೆ ಕರೆದುಕೊಂಡು ಹೋದ. ದವಾಖಾನೆ ಕಿಕ್ಕಿರಿದಿತ್ತು. ಡಾಕ್ಟರರು ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ಬರೆದುಕೊಟ್ಟರು. "ದಿನಾ ಎರಡ ಹೊತ್ತು, ಹಸದ ಹೊಟ್ಟಿ ಮ್ಯಾಲೆ. ತಿಂಗಳಗಟ್ಟಲೆ ತಗೋಬೇಕು, ನಡಕ ಬಿಡಬಾರದು," ಎಂದರು. ಅಷ್ಟರಲ್ಲಿ ಮುಂದಿನವರು ಒಳಗೆ ಬಂದಿದ್ದರು.

ಮನೆಯಲ್ಲಿ ಅವ್ವ ಆ ಕ್ಯಾಪ್ಸೂಲನ್ನು ಬೆಳಕಿಗೆ ಹಿಡಿದು ನೋಡಿದಳು. "ಬಣ್ಣಾ ನೋಡಿದ್ರನ ಗೊತ್ತಾಗತೈತಿ, ಇದು ಭಾಳ ಉಷ್ಣ," ಎಂದಳು. ನಮ್ಮ ಮನೆಯಲ್ಲಿ ಉಷ್ಣದ ಗುಳಿಗೆಯನ್ನು ಯಾರೂ ನೀರಿನಲ್ಲಿ ನುಂಗುತ್ತಿರಲಿಲ್ಲ. ಜ್ವರದ ಗುಳಿಗೆಯಿರಲಿ, ನೋವಿನ ಗುಳಿಗೆಯಿರಲಿ, ಹಾಲಿನಲ್ಲಿಯೇ. ಹಾಲು ತಂಪು, ಹಾಲು ಹೊಟ್ಟೆ ಕಾಯುತ್ತದೆ; ಕುರಿ-ಎಮ್ಮೆಗಳ ನಡುವೆ ಬಾಳಿದ ಮಂದಿಗೆ ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವ್ವ ದಿನಾ ಬೆಳಿಗ್ಗೆ, ಸಂಜೆ ಎಮ್ಮೆಯ ಹಾಲು ಕಾಸಿ ಆರಿಸಿ ದೊಡ್ಡ ಲೋಟ ತುಂಬ ತಂದು ನನ್ನೆದುರು ನಿಲ್ಲುತ್ತಿದ್ದಳು. ಕೆನೆಯನ್ನು ತಮ್ಮನಿಗೂ ಕೊಡದೆ ನನಗೇ ಹಾಕುತ್ತಿದ್ದಳು.

ಮಳೆಗಾಲ ಹೋಯಿತು, ಚಳಿಗಾಲ ಬಂತು. ಮುಖ ಹಾಗೆಯೇ ಇತ್ತು. ಹೊಸ ಗಂಟು ಏಳುತ್ತಿದ್ದವು, ಹಳೆಯವು ಒಡೆದು ತಗ್ಗು ಬೀಳುತ್ತಿದ್ದವು. ನಾನು ಕನ್ನಡಿ ಇರುವ ಕೋಣೆಗೆ ಹೋಗುವುದನ್ನೇ ಬಿಟ್ಟು ದನದ ಕೊಟ್ಟಿಗೆಯಲ್ಲಿ ನಿಂತು ತಲೆ ಬಾಚಿಕೊಳ್ಳತೊಡಗಿದೆ. ಕಾಲೇಜಿನಲ್ಲಿ ಕೊನೆಯ ಬೆಂಚು ಹಿಡಿದೆ. ಉತ್ತರ ಗೊತ್ತಿದ್ದರೂ ಏಳುತ್ತಿರಲಿಲ್ಲ, ಎದ್ದರೆ ಎಲ್ಲರೂ ತಿರುಗಿ ನೋಡುತ್ತಾರೆ. ಕೆಲವು ದಿನ ಬಸ್ ಸ್ಟ್ಯಾಂಡಿನ ತನಕ ಹೋಗಿ ಹೊಟ್ಟೆನೋವು ಎಂದು ತಿರುಗಿ ಬಂದಿದ್ದೇನೆ. ಬಾವಿಯ ದಂಡೆಯ ಮೇಲೆ ಕೂತು ಸುಮ್ಮನೆ ಕೆಳಗೆ ನೋಡಿದ ದಿನಗಳೂ ಇವೆ. ಮುಖ ಕೆಟ್ಟಿದೆ ಎಂದೇ ನನಗೆ ಕಾಲೇಜು ಸಿಕ್ಕಿತ್ತು, ಆ ಮುಖ ಹೊತ್ತು ಕಾಲೇಜಿಗೆ ಹೋಗುವುದು ನನ್ನಿಂದ ಆಗುತ್ತಿರಲಿಲ್ಲ. ಇದನ್ನು ಯಾರ ಮುಂದೆ ಹೇಳುವುದು?

ಅಪ್ಪ ಮತ್ತೆ ಅದೇ ಡಾಕ್ಟರರ ಕಡೆ ಕರೆದೊಯ್ದ. ಈ ಸಲ ಅವರು ಸಾವಕಾಶವಾಗಿ ಕೇಳಿದರು.

"ಖರೆ ಹೇಳವಾ, ಗುಳಿಗಿ ದಿನಾ ತಗೊಂಡೀಯೇನ?"

"ಒಂದ ದಿನಾನೂ ಬಿಟ್ಟಿಲ್ರಿ."

"ಯಾತರಾಗ ನುಂಗ್ತಿ?"

"ಹಾಲಾಗ್ರಿ," ಎಂದು ಅಪ್ಪನೇ ಹೆಮ್ಮೆಯಿಂದ ಹೇಳಿದ. "ಮನ್ಯಾಗಿನ ಎಮ್ಮಿ ಹಾಲ್ರೀ, ಒಂದ ಹನಿ ನೀರ ಹಾಕಂಗಿಲ್ರಿ."

ಡಾಕ್ಟರರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. "ಯಜಮಾನ್ರ, ಈ ಗುಳಿಗಿ ಹಾಲಾಗ ನುಂಗಿದ್ರ ಹಾಲಿಗೇ ಹತಗೊಂಡ ಹೋಗತೈತ್ರಿ, ಮೈಗೆ ಹತ್ತೂದಿಲ್ಲ. ಇಷ್ಟ ದಿನಾ ತಗೊಂಡದ್ದು ತಗೊಳ್ಳದಂಗ ಆತು." ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ನಾನರೆ ಮೊದಲ ಹೇಳಬೇಕಾಗಿತ್ತು," ಎಂದರು.

ಮನೆಯಲ್ಲಿ ಹೇಳಿದಾಗ ಅವ್ವ ಮೊದಲು ಜಗಳಕ್ಕೇ ನಿಂತಳು. "ಹಾಲಿನಿಂದ ಯಾರಿಗೆ ಕೆಟ್ಟ ಆಗೇತಿ? ಆ ಡಾಕ್ಟರಗ ತಿಳೀವಲ್ದು!" ಆಮೇಲೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಆ ಸಂಜೆ ಆಕೆ ತಂದಿಟ್ಟ ನೀರಿನ ಲೋಟದ ಕಡೆ ನಾವಿಬ್ಬರೂ ನೋಡಲಿಲ್ಲ.

ನೀರಿನಲ್ಲಿ ನುಂಗತೊಡಗಿದ ಮೇಲೆ ಕ್ಯಾಪ್ಸೂಲ್ ಕೆಲಸ ಮಾಡಿತು. ಹೊಟ್ಟೆ ಉರಿಯುತ್ತಿತ್ತು. ಕಬ್ಬಿನಲ್ಲಿ ಕಸ ತೆಗೆಯಲು ಹೋದರೆ ಬಿಸಿಲಿಗೆ ಮೂಗು, ಹಣೆ ಸುಟ್ಟು ಸುಲಿಯುತ್ತಿದ್ದವು. ಆದರೂ ಗಂಟುಗಳು ಒಂದೊಂದೇ ಇಳಿದವು. ಒಂದು ಮುಂಜಾನೆ ದಿಂಬಿಗೆ ರಕ್ತ ಇರಲಿಲ್ಲ. ಬಸ್ಸಿನ ಹುಡುಗರು ಬೇರೆ ಯಾರನ್ನೋ ಹಿಡಿದುಕೊಂಡರು. ತರಗತಿಯಲ್ಲಿ ಮೊದಲ ಸಲ ಎದ್ದು ನಿಂತು ಉತ್ತರ ಹೇಳಿದೆ. ಆ ನಾಲ್ಕು ತಿಂಗಳು ನಾನು ಮನುಷ್ಯಳಾಗಿದ್ದೆ.

ಅತ್ತೆಗೂ ಸುದ್ದಿ ಹೋಯಿತು. ಸಂಕೇಶ್ವರದ ಕಡೆಯಿಂದ ಒಂದು ಮನೆತನವನ್ನು ಕರೆದುಕೊಂಡೇ ಬಂದಳು. ಅವಲಕ್ಕಿ ತಿಂದರು, ಚಾ ಕುಡಿದರು, ನನ್ನನ್ನು ನಡೆಸಿ ನೋಡಿದರು, ಒಪ್ಪಿದರು. ನಿಶ್ಚಯಕ್ಕೆ ಸುಗ್ಗಿ ಮುಗಿಯಲಿ ಎಂದರು. ನನಗೆ ಆಗ ಎರಡನೆಯ ವರ್ಷ ಮುಗಿಯುತ್ತಿತ್ತು.

"ಇನ್ನೊಂದ ವರ್ಷ ಅಷ್ಟ ಐತಿ ಅತ್ತಿ, ಅವರಿಗೆ ಕೇಳ," ಎಂದು ಕಾಲು ಹಿಡಿದೆ.

"ಕೇಳೇನಿ. ಕಲತದ್ದು ಭಾಳ ಆತು ಅಂದಾರ. ಮಾರಿ ನೆಟ್ಟಗ ಆತಲ್ಲ, ಇನ್ನ್ಯಾಕ ಡಿಗ್ರಿ?"

ಅಪ್ಪ ದನಕ್ಕೆ ನೀರು ಕುಡಿಸುವ ನೆವ ಮಾಡಿ ಎದ್ದು ಹೋದ. ನಾನು ಪುಸ್ತಕಗಳನ್ನು ಟ್ರಂಕಿನಲ್ಲಿ ಹಾಕಿ ಮುಚ್ಚಿದೆ. ಅಂದು ಬಹಳ ದಿನದ ಮೇಲೆ ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಚೆಂದ ಇತ್ತು. ಅದರ ಮೇಲೆ ಉಗುಳಬೇಕು ಅನ್ನಿಸಿತು.

ಅದೇ ಹೊತ್ತಿಗೆ ಡಾಕ್ಟರರು ಕ್ಯಾಪ್ಸೂಲ್ ನಿಲ್ಲಿಸಿದರು. ಇಂಥ ಔಷಧವನ್ನು ಸುಮ್ಮನೆ ಮುಂದುವರಿಸಬಾರದು, ಈಗ ಗುಣವಾಗಿದೆ, ಸಾಕು ಎಂದರು. ನಿಲ್ಲಿಸಿ ಕೆಲವು ವಾರಕ್ಕೆ ದವಡೆಯ ಕೆಳಗೆ ಒಂದು ಗಂಟು ಎದ್ದಿತು. ಆಮೇಲೆ ಮುಖದ ತುಂಬ, ಮೊದಲಿಗಿಂತ ಕೆಟ್ಟದಾಗಿ. ನಿಶ್ಚಯಕ್ಕೆ ಸೀರೆ ತೋರಿಸಲು ಬಂದ ಗಂಡಿನ ಅವ್ವ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಇದ್ಯಾರ್ರೀ? ನಾವ ನೋಡಿದ ಹುಡುಗಿ ಎಲ್ಲಿ?"

"ಅಕೀನ ರೀ... ಉಷ್ಣ ಆಗೇತಿ," ಎಂದಳು ಅವ್ವ.

"ಔಷಧ ತಿನ್ನಿಸಿ ತೋರ್ಸೀರಿ ಅನ್ನರಿ! ಸಂತಿಗೆ ಎಮ್ಮಿ ತರಾವ್ರು ಕೋಡಿಗೆ ಎಣ್ಣಿ ಹಚ್ಚತಾರಲ್ಲ, ಹಂಗ."

ಓಣಿಯೆಲ್ಲ ಕೇಳಿಸಿಕೊಂಡಿತು. ಸೀರೆಯ ಗಂಟು ಬಿಚ್ಚದೆ ಹಾಗೆಯೇ ತಿರುಗಿ ಹೋದರು. ಅಪ್ಪ ಎಷ್ಟೋ ದಿನ ಮೂಡಲಗಿಯ ಸಂತೆಗೆ ಹೋಗಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಮಲಗಿ ಅತ್ತುಬಿಟ್ಟೆ. ಅಳುತ್ತಿರುವಾಗಲೇ ಒಳಗೊಳಗೆ, ಇನ್ನು ಕಾಲೇಜು ಉಳಿಯಿತು ಎಂದೂ ಹೊಳೆಯಿತು. ಹಾಗೆ ಹೊಳೆದದ್ದಕ್ಕೆ ಇನ್ನಷ್ಟು ಅಳು ಬಂತು. ಓದಬೇಕೆಂದರೆ ಈ ಮುಖ ಹೊತ್ತೇ ಓದಬೇಕು. ಬೇರೆ ದಾರಿಯನ್ನು ನನಗೆ ಯಾರೂ ಬಿಟ್ಟಿರಲಿಲ್ಲ.

ಡಾಕ್ಟರರು ಮತ್ತೊಮ್ಮೆ ಕ್ಯಾಪ್ಸೂಲ್ ಬರೆದುಕೊಟ್ಟರು. ಅವ್ವ ನೀರು ತಂದಳು.

"ಪರೀಕ್ಷಾ ಮುಗಿಯೂತನಕ ನಾ ಇವನ್ನ ಮುಟ್ಟಂಗಿಲ್ಲ ಬೇ," ಎಂದೆ.

"ಮಾರಿ ಹುಳಾ ತಿಂದಂಗ ಆಗೇತಿ, ತಗೋ ನನ್ನವ್ವಾ."

"ಇವನ್ನ ತಗೊಂಡ್ರ ಮಾರಿ ಚಲೋ ಆಗತೈತಿ. ಮಾರಿ ಚಲೋ ಆತಂದ್ರ ಮತ್ತ ಮಂದಿ ಬರ್ತಾರ."

ಅವ್ವ ನೀರನ್ನು ಅಂಗಳದ ತುಳಸಿಗೆ ಸುರಿದು ಒಳಗೆ ಹೋದಳು.

ಕೊನೆಯ ವರ್ಷ ಹಾಗೆಯೇ ಕಳೆದೆ. ಬೇಸಿಗೆಯ ಪರೀಕ್ಷೆಯಲ್ಲಿ ಬೆವರು ಇಳಿದರೆ ಗಲ್ಲ ಚುರುಚುರು ಎನ್ನುತ್ತಿತ್ತು. ಇತಿಹಾಸದ ಪತ್ರಿಕೆಯ ದಿನ ಒಂದು ಗಂಟು ಒಡೆದು ಉತ್ತರಪತ್ರಿಕೆಯ ಮೇಲೆ ಕೀವು-ರಕ್ತ ಬಿತ್ತು. ಕರವಸ್ತ್ರದಿಂದ ಒತ್ತಿ, ಕಲೆಯ ಸುತ್ತ ಜಾಗ ಬಿಟ್ಟು ಮುಂದೆ ಬರೆದೆ. ಪಕ್ಕದ ಹುಡುಗಿ ತನ್ನ ಬೆಂಚನ್ನು ಮೆಲ್ಲಗೆ ಆ ಕಡೆ ಸರಿಸಿಕೊಂಡಳು. ಪರೀಕ್ಷೆಯೆಲ್ಲ ಮುಗಿದ ಮೇಲೆ ಕ್ಯಾಪ್ಸೂಲ್ ತೆಗೆದುಕೊಂಡೆ, ಗಂಟುಗಳು ಹೋದವು. ಆ ವರ್ಷ ಬಿದ್ದ ತಗ್ಗುಗಳು ಹೋಗಲಿಲ್ಲ. ಈಗಲೂ ಇವೆ, ಬೆರಳಾಡಿಸಿದರೆ ಸಿಗುತ್ತವೆ.

ಸರ್ಟಿಫಿಕೇಟು ಬಂದಿದೆ ಎಂದು ತಿಳಿದಾಗ ಅಪ್ಪ ತಾನೂ ಗೋಕಾಕಕ್ಕೆ ಬರುತ್ತೇನೆಂದು ಒಗೆದ ಧೋತರ ಉಟ್ಟು ಹೊರಟ. ಆಫೀಸಿನ ಕಿಟಕಿಯಿಂದ ಕ್ಲಾರ್ಕ್ ಸಹಿ ಹಾಕಿಸಿಕೊಂಡು ಅದನ್ನು ನನ್ನ ಕೈಗೆ ಕೊಟ್ಟ. ನಾನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಎರಡೂ ಕೈಯಲ್ಲಿ ಹಿಡಿದು, ಓದಲು ಬಾರದ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಅವನ ಕಣ್ಣು ಒದ್ದೆಯಾಗಿದ್ದವು. ಆಮೇಲೆ ನನ್ನ ಮುಖ ನೋಡಿ, ಎಷ್ಟೋ ದಿನದಿಂದ ಹುಡುಕುತ್ತಿದ್ದ ಉಪಾಯ ಸಿಕ್ಕವನಂತೆ ಮೆತ್ತಗೆ ಹೇಳಿದ:

"ಇದನ್ನ ಲ್ಯಾಮಿನೇಷನ್ ಮಾಡ್ಸೂಣವಾ. ಇನ್ನಮ್ಯಾಲೆ ನೋಡಾಕ ಬಂದವ್ರಿಗೆ ಮೊದಲ ಇದನ್ನ ತೋರ್ಸೂಣು, ಮಾರಿ ಆಮ್ಯಾಲೆ."