ದೋಣಿಗೆ ಸಿಮೆಂಟು ಮೆತ್ತಿದ ಅಣ್ಣ

ಅಪ್ಪನ ದೋಣಿ ಕೊನೆಗೂ ನನ್ನ ಕಣ್ಣಿಗೆ ಬಿದ್ದಿದ್ದು ಕೊಕ್ಕನೂರಿನ ಹೊಲವೊಂದರಲ್ಲಿ. ಎಮ್ಮೆಗಳು ಅದರೊಳಗೆ ಮುಸುಡಿ ಹಾಕಿ ಹಿಂಡಿ ತಿನ್ನುತ್ತಿದ್ದವು. ಹರಿಹರದ ಮೇಲ್ಗಡೆ ಕಡವಿನಲ್ಲಿ ವರ್ಷಗಟ್ಟಲೆ ಜನರನ್ನು ಹೊಳೆ ದಾಟಿಸಿದ ದೋಣಿ ಅದು. ಹತ್ತಿರದಲ್ಲಿ ಸೇತುವೆಯಾದ ಮೇಲೆ ಅಪ್ಪ ಯಾರಿಗೋ ಕೊಟ್ಟುಬಿಟ್ಟಿದ್ದ. ಮನೆಯಲ್ಲಿ ಒಂದು ಮಾತು ಕೇಳಲಿಲ್ಲ. ಕೇಳಿದ್ದರೂ ನನ್ನನ್ನಂತೂ ಕೇಳುತ್ತಿರಲಿಲ್ಲ. ಅಣ್ಣನನ್ನು ದಿನಾ ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನು, ನಾನು ಹುಟ್ಟು ಮುಟ್ಟಿದರೆ ಸಾಕು, "ಹೆಣ್ಣುಮಕ್ಳು ಹಿಡೀಬಾರ್ದು, ದೂರ ಸರಿ" ಎಂದು ಗದರುತ್ತಿದ್ದ. ದಂಡೆಯ ಮೇಲೆ ನಿಂತು ಪಟ್ಟ ಹೊಟ್ಟೆಕಿಚ್ಚು ನಲವತ್ತು ವರ್ಷವಾದರೂ ಆರಿರಲಿಲ್ಲ. ಅಪ್ಪ ಈಗಿಲ್ಲ. ಆ ದೋಣಿಯನ್ನು ನಾನೇ ನಡೆಸಿ ಒಂದು ಸಲ ಹೊಳೆ ದಾಟಬೇಕು, ಅಷ್ಟೇ ನನ್ನ ಹಟ.

ಅಣ್ಣ ಗಾರೆ ಕೆಲಸದವನು. ಎಮ್ಮೆಗಳಿಗೆ ಸಿಮೆಂಟಿನ ಬಾನಿ ಕಟ್ಟಿಕೊಟ್ಟು ದೋಣಿ ಬಿಡಿಸಿಕೊಂಡು ಬಂದ. ಟ್ರ್ಯಾಕ್ಟರಿನಿಂದ ಅದನ್ನು ಆವರಗೆರೆಯ ನಮ್ಮ ಮನೆ ಮುಂದೆ ಇಳಿಸಿದಾಗ ಓಣಿಯವರು "ಇಲ್ಲಿ ಯಾವ ಹೊಳೆ ಐತೆ ಅಂತ ತಂದ್ರಿ?" ಎಂದು ನಕ್ಕರು. ನಗಲಿ. ಹೊಲಿಗೆ ಕೆಲಸ ಮುಗಿಸಿ ದಿನಾ ಸಂಜೆ ಕೂತು ಹಿಂಡಿಯ ಜಿಗುಟು, ಸಗಣಿ ಎಲ್ಲ ಕೆರೆದೆ. ಕೊಳೆತ ಎರಡು ಹಲಗೆ ಬದಲಿಸಲು ಹರಿಹರದಿಂದ ದೋಣಿ ರಿಪೇರಿಯ ಮುದುಕರೊಬ್ಬರನ್ನು ಕರೆಸಿದೆ. ಸಂದಿಗೆ ಹತ್ತಿ ತುರುಕುವುದನ್ನು ತೋರಿಸಿಕೊಟ್ಟು ಅವರು ಹೇಳಿದರು: "ಬಾಳ ಬಿಗಿಯಾಗಿ ತುಂಬಬ್ಯಾಡ್ರಿ. ಎಂಟು ದಿನ ಹೊಳ್ಯಾಗ ಮುಳುಗಿಸಿ ಇಡ್ರಿ. ಹಲಗೆ ನೀರು ಕುಡಿದು ಉಬ್ಬಿ ತಾನ ಕೂಡ್ಕೊಳ್ತೈತೆ."

ಇದನ್ನು ಅಣ್ಣನಿಗೆ ಎರಡು ಸಲ ಹೇಳಿದ್ದೆ. ನಾನು ಮದುವೆಯೊಂದಕ್ಕೆ ನಾಲ್ಕು ದಿನ ಬೇರೆ ಊರಿಗೆ ಹೋಗಿ ಬರುವಷ್ಟರಲ್ಲಿ, ಅವನು ಸಂದಿಗೊಂದಿಗೆಲ್ಲ ಸಿಮೆಂಟು ಮೆತ್ತಿ, ಕರಣೆ ಆಡಿಸಿ ನುಣುಪು ಮಾಡಿ, ಮೇಲೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ಸಂಜೆ ನೀರು ಹೊಡೆದು ಕ್ಯೂರಿಂಗ್ ಬೇರೆ ಮಾಡುತ್ತಿದ್ದ. ಆ ನೀರಿಗೆ ಹಲಗೆಗಳು ಉಬ್ಬಿದ್ದವು. ಸಿಮೆಂಟು ಜಾಗ ಕೊಟ್ಟಿರಲಿಲ್ಲ. ನಡುವಿನ ಹಲಗೆ ಉದ್ದಕ್ಕೂ ಸೀಳಿತ್ತು. ಅದನ್ನು ಅವನಿನ್ನೂ ನೋಡಿರಲೇ ಇಲ್ಲ.

"ಒಂದು ಹನಿ ನೀರು ಒಳಗೆ ಬರಲ್ಲ ನೋಡು" ಎಂದ, ಹೆಮ್ಮೆಯಿಂದ.

ನನಗೆ ಮೈಯೆಲ್ಲ ಉರಿದುಹೋಯಿತು. "ಯಾರು ಹೇಳಿದ್ರು ನಿನಗೆ? ಅಪ್ಪನೂ ನನ್ನ ಮಾತು ಕೇಳ್ಲಿಲ್ಲ, ನೀನೂ ಕೇಳ್ಲಿಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಬೈದೆ. ಅವನು ಉಳಿ, ಸುತ್ತಿಗೆ ತಂದು ಸಿಮೆಂಟು ಕೀಳಲು ಕೂತ. ಹದಿನೈದು ದಿನ ನಾನು ಅವನಿಗೆ ಚಹಾ ಬೇಕಾ ಅಂತಲೂ ಕೇಳಲಿಲ್ಲ.

ಸೀಳಿದ ಹಲಗೆ ತೆಗೆಸಿ ಬೇರೆ ಹಾಕಿಸಿ, ದೋಣಿಯನ್ನು ಹರಿಹರಕ್ಕೆ ಒಯ್ದು, ಎಂಟು ದಿನ ಮುಳುಗಿಸಿ ಎತ್ತಿದೆವು. ತೇಲಿತು. ನಾನು ಸೀರೆ ಎತ್ತಿ ಕಟ್ಟಿ ಹುಟ್ಟು ತರಲು ತಿರುಗಿದ್ದೇ ತಡ, ಅಣ್ಣ ಹತ್ತಿ ಕೂತುಬಿಟ್ಟಿದ್ದ.

"ಇಳಿ" ಎಂದೆ. "ನಿನಗೆ ಅಪ್ಪ ಬೇಕಾದಷ್ಟು ನಡೆಸಾಕ ಕೊಟ್ಟಾನ. ಇವತ್ತು ನಾನು."

"ನನಗೆಲ್ಲಿ ಕೊಟ್ಟ?" ಎಂದ. "ದೋಣಿ ಸೋರ್ತಿತ್ತು. ನೀರು ತೋಡಿ ಹಾಕಾಕ ಕರ್ಕೊಂಡು ಹೋಗ್ತಿದ್ದ. ಹಗಲೆಲ್ಲ ತೋಡೀನಿ. ಕೈ ನಿಲ್ಸಿದ್ರೆ ಹುಟ್ಟಿನಾಗ ಹೊಡೀತಿದ್ದ."

ಅವನು ಕೂತಿದ್ದು ನಡೆಸುವವನ ಜಾಗದಲ್ಲಲ್ಲ ಎನ್ನುವುದನ್ನು ಆಗ ನೋಡಿದೆ. ಹಿಂದಿನ ಮೂಲೆಯಲ್ಲಿ, ಕಾಲ ನಡುವೆ ಖಾಲಿ ಪೇಂಟ್ ಡಬ್ಬಿ ಇಟ್ಟುಕೊಂಡು ಕೂತಿದ್ದ. ಐವತ್ತೈದು ವರ್ಷದ ಗಂಡಸು.

ನನ್ನ ಸಿಟ್ಟು ಇಳಿಯಲಿಲ್ಲ. ಅಪ್ಪ ಎದುರಿಗಿದ್ದಿದ್ದರೆ ಅವನನ್ನೇ ಹೊಳೆಗೆ ನೂಕುತ್ತಿದ್ದೆ. ಡಬ್ಬಿ ಕಸಿದು ದಂಡೆಗೆ ಎಸೆದೆ. "ಸೋರಿದ್ರೆ ಸೋರ್ಲಿ. ಮುಂದೆ ಬಂದು ಕೂಡು, ಒಂದು ಹುಟ್ಟು ನೀನು ಹಿಡಿ" ಎಂದೆ.

ನಡೆಸಲು ಇಬ್ಬರಿಗೂ ಬರುತ್ತಿರಲಿಲ್ಲ. ದೋಣಿ ಎರಡು ಸುತ್ತು ತಿರುಗಿ ಆಮೇಲೆ ಹೊರಟಿತು. ಆಚೆ ದಂಡೆ ಮುಟ್ಟುವ ತನಕ ನಾನು ಅಪ್ಪನನ್ನು ಬೈಯುತ್ತಲೇ ಇದ್ದೆ, ಅಣ್ಣ ಒಮ್ಮೆಯೂ ಸಾಕು ಅನ್ನಲಿಲ್ಲ.